ಕ್ರೋಶ ಬಾಗಿಲು ತೋರಣ: ಎಲೆ ಸುರುಳಿ ಸುತ್ತಿದ್ರೆ, ಹೂವು ಬಟ್ಟಲಾದ್ರೆ ಏನ್ಮಾಡ್ಬೇಕು

ಮಾವಿನೆಲೆ, ಚೆಂಡು ಹೂವಿನ ತೋರಣ ಉಲ್ಲನ್ನಲ್ಲಿ ಹಾಕೋಕೆ ಕೂತವರು ಅರ್ಧಕ್ಕೇ ಬಿಡೋದು ಹೆಚ್ಚಾಗಿ ಮೂರ್ನಾಲ್ಕು ಜಾಗದಲ್ಲಿ, ಆ ಜಾಗಗಳನ್ನ ಮಾತ್ರ ಇಲ್ಲಿ ಹೇಳ್ತೀನಿ. ಸಾಮಾನು ಅಂದ್ರೆ 4 ಪ್ಲೈ ಅಕ್ರಿಲಿಕ್ ಉಲ್ಲನ್, 3 ಎಂಎಂ ಕ್ರೋಶ ಕಡ್ಡಿ (ತುದೀಲಿ ಕೊಕ್ಕೆ ಇರೋದು), ದಪ್ಪ ಕಣ್ಣಿನ ಸೂಜಿ, ನಾಲ್ಕು ಸೇಫ್ಟಿ ಪಿನ್.

ಮೊದಲು ಎಲೆ. 15 ಚೈನ್ (ಸರಪಳಿ ಕುಣಿಕೆ) ಹಾಕಿ, ಕಡ್ಡಿಯಿಂದ ಎರಡನೇ ಚೈನಿಂದ ಶುರು ಮಾಡಿ 2 ಸಿಂಗಲ್ (ಗಿಡ್ಡ ಹೆಣಿಗೆ), 2 ಹಾಫ್ ಡಬಲ್ (ಅದಕ್ಕಿಂತ ಸ್ವಲ್ಪ ಎತ್ತರದ್ದು), 6 ಡಬಲ್ (ಇನ್ನೂ ಎತ್ತರದ್ದು), 2 ಹಾಫ್ ಡಬಲ್, 2 ಸಿಂಗಲ್, ಒಟ್ಟು 14. ತುದೀಲಿ 3 ಚೈನ್ ಹಾಕಿ ಅಲ್ಲೇ ಸ್ಲಿಪ್ ಸ್ಟಿಚ್ (ಎತ್ತರ ಇಲ್ಲದೆ ಬರೀ ಸೇರಿಸೋ ಹೆಣಿಗೆ), ಅದೇ ಎಲೆಯ ಮೂತಿ, ಆಮೇಲೆ ಚೈನಿನ ಇನ್ನೊಂದು ಮಗ್ಗುಲಲ್ಲಿ ಅದೇ 14 ಹಾಕ್ಕೊಂಡು ವಾಪಸ್ ಬನ್ನಿ. ಎಲೆ ದೋಣಿ ಥರ ಸುತ್ಕೊಳ್ತಾ? ಸಾಮಾನ್ಯವಾಗಿ ಮೊದಲ ಚೈನ್ ಬಿಗಿ ಆಗಿರುತ್ತೆ. ಸೀರೆ ಕುಚ್ಚು ಹಾಕೋರಿಗೆ ಇದು ಜಾಸ್ತಿ, ಯಾಕಂದ್ರೆ ರೇಷ್ಮೆ ದಾರ ಜಾರುತ್ತೆ ಅಂತ ಎಳೆದೆಳೆದು ಹಾಕಿ ಕೈಗೆ ಅದೇ ರೂಢಿ ಆಗಿರುತ್ತೆ, ನನ್ನ ಮೊದಲ ಏಳು ಎಲೆನೂ ಹಾಗೇ ಆಗಿ ಎಲ್ಲಾ ಬಿಚ್ಚಿದೀನಿ. ಚೈನ್ ಮಾತ್ರ 3.5 ಎಂಎಂ ಕಡ್ಡೀಲಿ ಹಾಕಿ, ಆಮೇಲೆ 3ಕ್ಕೆ ಬನ್ನಿ, ಎಲೆ ಚಪ್ಪಟೆ ಕೂರುತ್ತೆ.

ಪ್ಯಾಟರ್ನ್ ನೋಡ್ಕೊಂಡು ಹಾಕ್ತಿದ್ರೆ ಇನ್ನೊಂದು ವಿಷಯ: ಅಮೆರಿಕದವರು ಸಿಂಗಲ್ ಅನ್ನೋದನ್ನೇ ಬ್ರಿಟನ್‌ನವರು ಡಬಲ್ ಅಂತಾರೆ. ಪ್ಯಾಟರ್ನ್‌ನಲ್ಲಿ ಎಲ್ಲಾದ್ರೂ ಸಿಂಗಲ್ ಅನ್ನೋ ಪದ ಇದ್ರೆ ಅದು ಅಮೆರಿಕದ ಲೆಕ್ಕ, ಇಲ್ಲೂ ಅದೇ ಲೆಕ್ಕ.

ಈಗ ಚೆಂಡು ಹೂವು, ತಲೆನೋವೆಲ್ಲಾ ಇಲ್ಲೇ. ಮ್ಯಾಜಿಕ್ ರಿಂಗ್‌ಗೆ (ದಾರದ ಬಾಲ ಎಳೆದ್ರೆ ಬಿಗಿಯಾಗೋ ಉಂಗುರ) 12 ಡಬಲ್, ಎರಡನೇ ಸುತ್ತು ಒಂದೊಂದರಲ್ಲಿ 2 ಹಾಕಿದ್ರೆ 24, ಮೂರನೇ ಸುತ್ತು ಒಂದೊಂದರಲ್ಲಿ 3 ಹಾಕಿದ್ರೆ 72, ಆಗ ಅಂಚು ತಾನೇ ನಿರಿಗೆ ನಿರಿಗೆಯಾಗಿ ಅರಳುತ್ತೆ. ಎರಡನೇ ಸುತ್ತಲ್ಲೇ ಹೂವು ಬಟ್ಟಲಾಗಿ ನಿಂತ್ರೆ ಎಣಿಸಿ, 20, 21 ಇರುತ್ತೆ. ಒಂದೇ ಒಂದು ಕಮ್ಮಿ ಬಂದ್ರೆ ಅನುಮಾನ ಪಡಬೇಕಾದ್ದು ಸುತ್ತಿನ ಶುರುವಿನ 3 ಚೈನ್ ಮೇಲೆ, ಅದೂ ಒಂದು ಡಬಲ್ ಲೆಕ್ಕನೇ. ಅದರ ಬುಡದಲ್ಲೇ ಇನ್ನೊಂದು ಡಬಲ್ ಹಾಕಿದ್ರೆ ಜೋಡಿ ಆಗುತ್ತೆ, ಮರೆತ್ರೆ 23ಕ್ಕೇ ನಿಲ್ಲುತ್ತೆ. ಹಾಕಿದ ತಕ್ಷಣ ಮೂರನೇ ಚೈನಿಗೆ ಪಿನ್ ಚುಚ್ಚಿಡಿ, ಸುತ್ತು ಮುಗಿಸುವಾಗ ಸ್ಲಿಪ್ ಸ್ಟಿಚ್ ಆ ಪಿನ್ ಇರೋ ಜಾಗಕ್ಕೇ.

ನಡುವೆ ತೂತು ಬಿಟ್ಕೊಳ್ಳೋದು ಬಾಲ ಗಿಡ್ಡ ಕತ್ತರಿಸಿದ್ದಕ್ಕೆ. ಆರಿಂಚು ಬಿಡಿ, ಸೂಜೀಲಿ ರಿಂಗ್ ಸುತ್ತ ಒಂದು ಸಲ ಹೋಗಿ, ಆಮೇಲೆ ಉಲ್ಟಾ ದಿಕ್ಕಲ್ಲಿ ಇನ್ನೊಂದು ಸಲ.

ಹೂವಿನ ಮಧ್ಯಕ್ಕೆ ಪಾಪ್‌ಕಾರ್ನ್ (ಗುಂಡಗೆ ಉಬ್ಬಿ ನಿಲ್ಲೋ ಹೆಣಿಗೆ) ಹಾಕೋರು ಉಬ್ಬು ಹಿಂದಕ್ಕೆ ಹೋಗುತ್ತೆ ಅಂತಾರೆ. ಒಂದೇ ಜಾಗದಲ್ಲಿ 5 ಡಬಲ್ ಹಾಕಿ ಕಡ್ಡಿ ತೆಗೆದ್ಮೇಲೆ, ಮೊದಲ ಡಬಲ್‌ನ ತಲೆಗೆ ಕಡ್ಡೀನ ಮುಂದಿನಿಂದ ಹಿಂದಕ್ಕೆ ತೂರಿಸಿ, ಬಿಟ್ಟಿದ್ದ ಕುಣಿಕೆ ಹಿಡಿದು ಎಳೀಬೇಕು. ಹಿಂದಿನಿಂದ ತೂರಿಸಿದ್ರೆ ಉಬ್ಬು ಹಿಂದಕ್ಕೇ ಹೋಗುತ್ತೆ.

ಎಲೆ, ಹೂವು ಕೂರಿಸೋ ಮೇಲಿನ ಪಟ್ಟಿಗೆ ಬರೀ ಚೈನ್ ಸಾಲದು, ಎಲೆ ಭಾರಕ್ಕೆ ಜೋತು ಬೀಳುತ್ತೆ. ಚೈನ್ ಮೇಲೆ ಒಂದು ಸಾಲು ಸಿಂಗಲ್ ಹಾಕಿ, ಹಾಕ್ತಾನೇ ಎಲೆ ತೊಟ್ಟು ಸೇರಿಸ್ಕೊಂಡು ಹೋಗಿ. ಎಲೆ ಬೆಸ ಸಂಖ್ಯೇಲಿರಲಿ, ಒಂದು ಸರಿಯಾಗಿ ಬಾಗಿಲಿನ ನಡುವಿಗೆ ಬರುತ್ತೆ. ಹೂವು ಹೊಲಿಯೋ ಮುಂಚೆ ಒಂದು ರಾತ್ರಿ ನೇತು ಹಾಕಿ ಅಳತೆ ನೋಡಿ.

ಅಕ್ರಿಲಿಕ್‌ಗೆ ಇಸ್ತ್ರಿ ಮುಟ್ಟಿಸ್ಬೇಡಿ, ದಾರ ಕರಗಿ ಹಪ್ಪಳ ಆಗುತ್ತೆ, ಎರಡಿಂಚು ಮೇಲಿಂದ ಹಬೆ ಕೊಟ್ರೆ ಸಾಕು. ಕಾಟನ್ ದಾರದ್ದಾದ್ರೆ ತೆಳು ಸಬ್ಬಕ್ಕಿ ಗಂಜೀಲಿ ಅದ್ದಿ, ಹಿಂಡದೆ ಟವೆಲ್ ಮೇಲೆ ಪಿನ್ ಮಾಡಿ ಒಣಗಿಸಿ, ಎಲೆ ಗರಿಗರಿ ನಿಲ್ಲುತ್ತೆ. ಹಬ್ಬ ಮುಗಿದ್ಮೇಲೆ ಆ ಗಂಜಿ ತೊಳೆದೇ ಎತ್ತಿಡಿ, ಇಲ್ಲಾಂದ್ರೆ ಹುಳ ಹಿಡಿಯುತ್ತೆ.