ಬಣ್ಣ ಬದಲಿಸುವ ಇಂಕು ಬಿಸಿಲು ತಡೆಯುತ್ತಾ? ನಾನು ಪರೀಕ್ಷೆ ಮಾಡುವ ರೀತಿ

ನಾನು ಬೆಂಗಳೂರಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತೇನೆ. ಬೆರಳಿಟ್ಟರೆ ಬಣ್ಣ ಮಾಯವಾಗುವ ಸ್ಟಿಕ್ಕರ್, ಲೇಬಲ್ ಕೂಡ ಮಾಡಿಕೊಡುತ್ತೇನೆ. ಎಷ್ಟು ಡಿಗ್ರಿಗೆ ಬದಲಾಗುತ್ತೆ ಅಂತ ಗ್ರಾಹಕರು ಕೇಳುತ್ತಾರೆ. ನಾನು ಮೊದಲು ಕೇಳುವುದು, ಇದನ್ನು ಎಲ್ಲಿ ಅಂಟಿಸ್ತೀರಿ ಅಂತ. ಫ್ರಿಜ್ ಒಳಗಾ, ಅಂಗಡಿ ಗಾಜಿನ ಮೇಲಾ?

ಶಾಖಕ್ಕೆ ಬದಲಾಗುವ ಈ ಇಂಕು ಬಿಸಿಲಿಗೆ ಬೇಗ ಸೋಲುತ್ತದೆ. ಇದರ ಪಿಗ್ಮೆಂಟ್ ಅಂದರೆ ಕೆಲವೇ ಮೈಕ್ರಾನ್ ಗಾತ್ರದ ಕ್ಯಾಪ್ಸೂಲ್‌ಗಳು. ಒಳಗೆ ಲ್ಯೂಕೋ ಡೈ (ತಾನಾಗಿ ಬಣ್ಣವಿಲ್ಲದ ಡೈ), ಅದಕ್ಕೆ ಬಣ್ಣ ಬರಿಸುವ ಡೆವಲಪರ್, ಜೊತೆಗೆ ಮೇಣದಂಥ ಒಂದು ವಸ್ತು ಇರುತ್ತವೆ. ಮೇಣ ಗಟ್ಟಿಯಾಗಿದ್ದಾಗ ಬಣ್ಣ ಕಾಣುತ್ತದೆ, ಕರಗಿದರೆ ಹೋಗುತ್ತದೆ. ಬೆರಳಿನ ಬಿಸಿಗೆ ಬದಲಾಗುವ ಇಂಕಿನಲ್ಲಿ ಇದು 31 ಡಿಗ್ರಿ ಆಸುಪಾಸಿಗೆ ಆಗುತ್ತದೆ. ಕ್ಯಾಪ್ಸೂಲಿನ ಗೋಡೆ ಬೆಳಕನ್ನು ತಡೆಯುವುದಿಲ್ಲ. ಬೆಳಕು ಒಳಹೊಕ್ಕು ಡೈಯನ್ನೇ ಮುರಿಯುತ್ತದೆ. ನೀಲಿಗೆ ಬಳಸುವ ಕ್ರಿಸ್ಟಲ್ ವಯೊಲೆಟ್ ಲ್ಯಾಕ್ಟೋನ್ ಅನ್ನುವ ಲ್ಯೂಕೋ ಡೈ ನಮ್ಮ ಕಸುಬಿಗೆ ಹೊಸದೇನಲ್ಲ. ಕಾರ್ಬನ್ ಇಲ್ಲದೆ ಪ್ರತಿ ಮೂಡಿಸುವ ಬಿಲ್ ಬುಕ್ ಕಾಗದದಲ್ಲೂ ಇದನ್ನು ಬಳಸುತ್ತಾ ಬಂದಿದ್ದಾರೆ. ಆ ಅಡಿಪ್ರತಿ ಬಿಸಿಲಿಗೆ ಬಿದ್ದರೆ ಅಕ್ಷರ ಹೇಗೆ ಮಾಸುತ್ತೆ, ನೋಡಿದ್ದೀರಲ್ವಾ?

ಹಾಗಾಗಿ ಹೊಸ ಇಂಕು ಬಂದರೆ ಮೊದಲು ಒಂದು ಪಟ್ಟಿ ಪ್ರಿಂಟ್ ಮಾಡುತ್ತೇನೆ. ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಪಕ್ಕದಲ್ಲಿ ಬಣ್ಣ ಬೆಳಕನ್ನು ಎಷ್ಟು ತಡೆಯುತ್ತೆ ಅಂತ ಅಳೆಯುವ ಬ್ಲೂ ವೂಲ್ ಪಟ್ಟಿ ಇಟ್ಟು ಬಿಸಿಲಿಗೆ ಹಾಕುತ್ತೇನೆ. ಆ ಪಟ್ಟಿಯಲ್ಲಿ 1ರಿಂದ 8ರವರೆಗೆ ಉಣ್ಣೆ ತುಂಡುಗಳಿವೆ. 1 ಬೇಗ ಮಾಸುತ್ತದೆ, 8 ಕೊನೆಯವರೆಗೂ ತಡೆಯುತ್ತದೆ. ನನ್ನ ಪ್ರಿಂಟು ಯಾವ ತುಂಡಿನ ಜೊತೆ ಮಾಸಿತೋ ಅದೇ ಅದರ ತಾಕತ್ತು. ಈ ಇಂಕುಗಳು ಸಾಮಾನ್ಯವಾಗಿ ಕೆಳಗಿನ ಅಂಕಿಗಳಲ್ಲೇ ನಿಂತುಬಿಡುತ್ತವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಏಪ್ರಿಲ್ ಮಧ್ಯಾಹ್ನ ಅಂಗಡಿಯೊಳಗೇ 31 ಡಿಗ್ರಿ ದಾಟಿರುತ್ತದೆ. ಆಗ ಫಾಯಿಲ್ ಮುಚ್ಚಿದ್ದ ಭಾಗಕ್ಕೂ ಬಣ್ಣ ಇರುವುದಿಲ್ಲ. ಬಣ್ಣ ಮಾಸಿದೆಯೋ ಬರೀ ಬಿಸಿಯಾಗಿದೆಯೋ ಗೊತ್ತಾಗಲ್ಲ. ಪಟ್ಟಿಯನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ತೆಗೆದ ಮೇಲೆಯೇ ಎರಡು ಅರ್ಧಗಳನ್ನು ಹೋಲಿಸಬೇಕು. ಬಿಸಿ ಮಾಡಿಯೂ ನೋಡುತ್ತೇನೆ. ಬಣ್ಣ ಪೂರ್ತಿ ಹೋಗದೆ ಕಲೆಯ ಹಾಗೆ ಉಳಿದರೆ ಆ ಇಂಕು ನನಗೆ ಬೇಡ.

ಬಾಳಿಕೆ ಹೆಚ್ಚಿಸಲು ಪ್ರಿಂಟಿನ ಮೇಲೆ ಯುವಿ ತಡೆಯುವ ಲ್ಯಾಮಿನೇಷನ್ ಹಾಕುತ್ತೇನೆ. ಮಾಸುವುದು ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಕಣ್ಣಿಗೆ ಕಾಣುವ ಬೆಳಕೂ ಹಾನಿ ಮಾಡುತ್ತದೆ. ಅದಕ್ಕೇ ಹೆಸರು, ಬೆಲೆ, ಎಚ್ಚರಿಕೆಯ ಮಾತುಗಳನ್ನು ಮಾಮೂಲಿ ಇಂಕಿನಲ್ಲೇ ಹಾಕುತ್ತೇನೆ. ಚಿತ್ರಕ್ಕೂ ಅಡಿಯಲ್ಲಿ ಮಾಮೂಲಿ ಹಳದಿ ಹೊಡೆದು, ಮೇಲೆ ಬದಲಾಗುವ ನೀಲಿ ಕೊಟ್ಟರೆ ಹಸಿರು ಕಾಣುತ್ತದೆ. ನೀಲಿ ಸತ್ತರೂ ಹಳದಿ ಚಿತ್ರ ಉಳಿಯುತ್ತದೆ.

ಬಿಸಿಲಿಗೆ ಬಣ್ಣ ಬರುವ ಫೋಟೋಕ್ರೋಮಿಕ್ ಇಂಕಿಗೆ ಮಾತ್ರ ಈ ಲ್ಯಾಮಿನೇಷನ್ ಹಾಕಬೇಡಿ. ಅದಕ್ಕೆ ಬಣ್ಣ ಬರಬೇಕಾದರೆ ಯುವಿಯೇ ಬೇಕು. ಅದನ್ನು ತಡೆದರೆ ಪ್ರಿಂಟು ಸುಮ್ನೆ ಬಿಳಿಯಾಗಿ ಕೂತಿರುತ್ತದೆ. ಅಲ್ಲಿ ಹಾಲ್ಸ್ (HALS) ಅನ್ನುವ, ಬೆಳಕಿನ ಹಾನಿ ತಗ್ಗಿಸುವ ಸ್ಟೆಬಿಲೈಜರ್ ಬೆರೆಸಿದ ಇಂಕನ್ನೇ ಕೇಳಿ ತರಿಸುತ್ತೇನೆ.