ಒಂದು ಕ್ಲಬ್, ನಾಲ್ಕೈದು ಹೆಸರು: ಹಕೋವಾ ರಮತ್ ಗನ್ ಚರಿತ್ರೆ ಜೋಡಿಸಿದ ನನ್ನ ಅನುಭವ

ಟೆಲ್ ಅವೀವ್ ಪಕ್ಕದ ರಮತ್ ಗನ್ ಊರಿನ ಫುಟ್‌ಬಾಲ್ ಕ್ಲಬ್ ಹಕೋವಾ ರಮತ್ ಗನ್ ಅಂದರೆ ಇಸ್ರೇಲ್‌ನಲ್ಲೇ ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ಕೆಳ ಡಿವಿಜನ್‌ಗೆ ಜಾರಿದ ಕ್ಲಬ್‌ಗಳ ಗತಿಯೇ ಅದು. ಆದರೆ ಇದೇ ಕ್ಲಬ್ 1965ರಲ್ಲಿ ಮತ್ತು 1973ರಲ್ಲಿ ಲೀಗ್ ಚಾಂಪಿಯನ್ ಆಗಿತ್ತು. 1969 ಮತ್ತು 1971ರಲ್ಲಿ ಸ್ಟೇಟ್ ಕಪ್ ಗೆದ್ದಿತ್ತು. ಇದರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯೋಣ ಅಂತ ಹೊರಟವನು ನಾನು. ದಕ್ಷಿಣ ಕನ್ನಡದಿಂದ ಇಲ್ಲಿಗೆ ಕೇರ್‌ಗಿವರ್ ಕೆಲಸಕ್ಕೆ ಬಂದವರು ಬಹಳ ಜನ ಇದ್ದೇವೆ, ನಾನೂ ಅವರಲ್ಲೊಬ್ಬ. ಮಾತಾಡುವಷ್ಟು ಹೀಬ್ರೂ ಕೆಲಸ ಮಾಡುತ್ತಲೇ ಬಂತು. ಓದುವುದನ್ನು ಕಲಿತದ್ದು ಈ ಫುಟ್‌ಬಾಲ್ ಹುಚ್ಚಿನಿಂದ.

ಎಲ್ಲರೂ ಈ ಕಥೆಯನ್ನು ವಿಯೆನ್ನಾದಿಂದ ಶುರು ಮಾಡುತ್ತಾರೆ. ಅದು ರೋಚಕವಾಗಿದೆ ಅನ್ನುವುದು ನಿಜ. 1909ರಲ್ಲಿ ಹುಟ್ಟಿದ ಯಹೂದಿ ಕ್ಲಬ್ ಹಕೋವಾ ವಿಯೆನ್ನಾ, 1923ರಲ್ಲಿ ಲಂಡನ್‌ಗೆ ಹೋಗಿ ವೆಸ್ಟ್ ಹ್ಯಾಮ್ ತಂಡವನ್ನು 5-0ಯಿಂದ ಸೋಲಿಸಿತು. 1925ರಲ್ಲಿ ಆಸ್ಟ್ರಿಯಾದ ಚಾಂಪಿಯನ್ ಆಯಿತು. ಚಾಂಪಿಯನ್ ಪಟ್ಟ ತಂದ ಗೋಲು ಹೊಡೆದದ್ದು ಗೋಲ್‌ಕೀಪರ್ ಅಲೆಕ್ಸಾಂಡರ್ ಫಾಬಿಯಾನ್, ಕೈಗೆ ಏಟು ಬಿದ್ದು ಪಟ್ಟಿ ಕಟ್ಟಿಕೊಂಡು ಮುಂದೆ ಆಡುತ್ತಿದ್ದಾಗ. 1938ರಲ್ಲಿ ನಾಜಿಗಳು ಆಸ್ಟ್ರಿಯಾಕ್ಕೆ ನುಗ್ಗಿದ ಮೇಲೆ ಕ್ಲಬ್ಬನ್ನೇ ಮುಚ್ಚಿಸಿದರು. ಅಲ್ಲಿಂದ ಬಂದವರು ಟೆಲ್ ಅವೀವ್‌ನಲ್ಲಿ ಅದೇ ಹೆಸರು ಉಳಿಸಿಕೊಂಡರು.

ಆದರೆ ಇಲ್ಲಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಹೆಸರು ಒಂದೇ ಅಂದಮಾತ್ರಕ್ಕೆ ಕ್ಲಬ್ ಒಂದೇ ಆಗುವುದಿಲ್ಲ ಅಲ್ವಾ? ನಾನು ಈಚಿನಿಂದ ಹಿಂದಕ್ಕೆ ಹೋದೆ. ಒಂದು ಎಕ್ಸೆಲ್ ಶೀಟ್, ಮೂರು ಕಾಲಂ: ಸೀಸನ್, ಆ ವರ್ಷ ತಂಡದ ಹೆಸರು, ಮೇಲಿನಿಂದ ಎಷ್ಟನೇ ಡಿವಿಜನ್. ಅಷ್ಟೇ. ಗೋಲು, ಆಟಗಾರರು ಎಲ್ಲ ಆಮೇಲೆ. ಹೀಗೆ ಹಿಂದಕ್ಕೆ ಹೋಗುವಾಗ 2005ರಲ್ಲಿ ಮೊದಲ ಗಂಟು ಸಿಕ್ಕಿತು. ಆಗ ಹಕೋವಾ ಮತ್ತು ಮಕ್ಕಾಬಿ ರಮತ್ ಅಮಿದಾರ್ ಒಂದಾಗಿ ಹಕೋವಾ ಅಮಿದಾರ್ ರಮತ್ ಗನ್ ಆದವು. ಎರಡನೇ ಗಂಟು 1959ರದ್ದು: ಹಕೋವಾ ಟೆಲ್ ಅವೀವ್ ಮತ್ತು ಮಕ್ಕಾಬಿ ರಮತ್ ಗನ್ ವಿಲೀನ. ಈ ಸೇರ್ಪಡೆಯ ವರ್ಷಗಳಲ್ಲಿ ಕೂಡಿದ ಎರಡೂ ಕ್ಲಬ್‌ಗಳಿಗೆ ಬೇರೆ ಬೇರೆ ಸಾಲು ಇಡಲೇಬೇಕು. ಒಂದರ ಅಂಕವನ್ನು ಇನ್ನೊಂದರ ಲೆಕ್ಕಕ್ಕೆ ಹಾಕುವುದು ತೀರಾ ಸುಲಭ.

ಮೂರನೇ ಕಾಲಂ ಯಾಕೆ ಬೇಕು ಅಂದರೆ, ಇಲ್ಲಿ ಲೀಗ್‌ಗಳೂ ಹೆಸರು ಬದಲಿಸಿಕೊಂಡಿವೆ. ಲಿಗಾ ಅಲೆಫ್ ಅನ್ನುವುದು 1950ರ ದಶಕದ ಶುರುವಿನಲ್ಲಿ ಎಲ್ಲಕ್ಕಿಂತ ಮೇಲಿನ ಲೀಗ್. 1955ರಿಂದ ಲಿಗಾ ಲೆಯುಮಿತ್ ಮೇಲೆ ಬಂತು. 1999ರಲ್ಲಿ ಲಿಗತ್ ಹಾಅಲ್ ಅಂತ ಹೊಸದು ಹುಟ್ಟಿ, ಲೆಯುಮಿತ್ ಎರಡನೆಯದಾಯಿತು. ಹಾಗಾಗಿ 1973ರ ಲೆಯುಮಿತ್ ಚಾಂಪಿಯನ್ ದೇಶದ ನಂಬರ್ ಒನ್, 2008ರ ಲೆಯುಮಿತ್ ತಂಡ ಎರಡನೇ ಡಿವಿಜನ್‌ದು. ಹೆಸರು ನೋಡಿ ಬರೆದರೆ ಕೆಟ್ಟಿತು. ಇನ್ನೊಂದು ವಿಚಿತ್ರ, 1966-68ರ ಸೀಸನ್. ಒಂದೇ ಸೀಸನ್ ಎರಡು ವರ್ಷ ನಡೆದಿದೆ! ಶೀಟ್‌ನಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅಂತ ಅಲ್ಲಿ ಸುಮ್ನೆ ಹುಡುಕುತ್ತಾ ಕೂರಬೇಡಿ.

ಲೀಗ್ ಟೇಬಲ್‌ಗಳ ಅಸ್ಥಿಪಂಜರಕ್ಕೆ ಆರ್‌ಎಸ್‌ಎಸ್‌ಎಸ್‌ಎಫ್ ಸೈಟ್ ಸಾಕು. ಮಾಂಸ ಬೇಕಾದರೆ ಹಳೆಯ ಪೇಪರ್ ನೋಡಬೇಕು. ಇಸ್ರೇಲ್‌ನ ರಾಷ್ಟ್ರೀಯ ಗ್ರಂಥಾಲಯ ಮತ್ತು ಟೆಲ್ ಅವೀವ್ ವಿಶ್ವವಿದ್ಯಾಲಯ ಸೇರಿ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ನೆಟ್‌ನಲ್ಲಿ ಇಟ್ಟಿವೆ. ಹೀಬ್ರೂ ಬಾರದವರು ಇಂಗ್ಲಿಷಿನ ಪ್ಯಾಲೆಸ್ಟೈನ್ ಪೋಸ್ಟ್‌ನಿಂದ ಶುರು ಮಾಡಬಹುದು. 1950ರಿಂದ ಅದೇ ಜೆರುಸಲೇಮ್ ಪೋಸ್ಟ್. ಆಟ ಹೆಚ್ಚಾಗಿ ಶನಿವಾರ, ಅವತ್ತು ಪೇಪರ್ ಇರುವುದಿಲ್ಲ. ಆದ್ದರಿಂದ ಭಾನುವಾರದ ಸಂಚಿಕೆಯನ್ನೇ ತೆರೆಯಿರಿ. ಹುಡುಕು ಪೆಟ್ಟಿಗೆಯಲ್ಲಿ ಬರೀ ಹಕೋವಾ ಅಂತ ಹಾಕಿದರೆ ಶಕ್ತಿ, ಬಲ ಅಂತ ಬರುವ ರಾಜಕೀಯ ಸುದ್ದಿಯೆಲ್ಲ ಉಕ್ಕಿ ಬರುತ್ತದೆ, ಯಾಕಂದರೆ ಹೀಬ್ರೂವಿನಲ್ಲಿ ಅದು ‘ಶಕ್ತಿ’ ಅನ್ನುವ ದಿನಬಳಕೆಯ ಮಾತು. ಅದನ್ನು ವಾವ್ ಅಕ್ಷರ ಸೇರಿಸಿಯೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಹೇ ಮತ್ತು ಹೆತ್ ಅಕ್ಷರಗಳು ಮಸುಕಾದ ಅಚ್ಚಿನಲ್ಲಿ ಅವಳಿಗಳ ಹಾಗೆ ಕಾಣುತ್ತವೆ. ಕಂಪ್ಯೂಟರ್ ಒಂದನ್ನು ಇನ್ನೊಂದು ಅಂತ ಓದಿಬಿಡುತ್ತದೆ. ನಾನು ಕೊನೆಗೆ ಹುಡುಕುವುದನ್ನೇ ಬಿಟ್ಟು, ದಿನಾಂಕ ಹಿಡಿದು ಕ್ರೀಡಾ ಪುಟ ತಿರುವಿದೆ. ನಿಧಾನ, ಆದರೆ ಕೈಬಿಡುವುದಿಲ್ಲ.

ಯಾವ ಪೇಪರ್ ಅನ್ನುವುದೂ ಮುಖ್ಯ. ಇಲ್ಲಿನ ಕ್ಲಬ್‌ಗಳ ಹಿಂದೆ ರಾಜಕೀಯ ಇತ್ತು. ಹಪೋಯೆಲ್ ಅಂದರೆ ಹಿಸ್ತದ್ರೂತ್ ಕಾರ್ಮಿಕ ಸಂಘಟನೆಯ ಕ್ರೀಡಾ ವಿಭಾಗ. ದವಾರ್ ಪತ್ರಿಕೆಯೂ ಹಿಸ್ತದ್ರೂತ್‌ನದ್ದೇ ಆಗಿತ್ತು. ಅಂಥ ಪೇಪರಿನಲ್ಲಿ ಹಪೋಯೆಲ್‌ಗೆ ಸಿಗುವ ಪ್ರೀತಿ ಬೇರೆಯವರಿಗೆ ಸಿಗುತ್ತದೆ ಅಂದುಕೊಳ್ಳಬಾರದು. ಹಕೋವಾ ಮಕ್ಕಾಬಿ ಅನ್ನುವ ಇನ್ನೊಂದು ಕ್ರೀಡಾ ಬಳಗದ್ದು. ಅದಕ್ಕೆ ನಾನು ಒಂದೇ ಪೇಪರ್ ನಂಬಲಿಲ್ಲ, ಪ್ರತಿ ಮುಖ್ಯ ಪಂದ್ಯಕ್ಕೂ ಎರಡು ನೋಡಿದೆ.

ಬಾಯಿಮಾತಿನ ಚರಿತ್ರೆಗಂತೂ ಇನ್ನೂ ಜಾಸ್ತಿ ಬಣ್ಣ. ನಾನು ನೋಡಿಕೊಳ್ಳುವ ಅಜ್ಜ ಹಪೋಯೆಲ್ ರಮತ್ ಗನ್ ಕಡೆಯವರು. 1964ರಲ್ಲಿ ಹಪೋಯೆಲ್ ಚಾಂಪಿಯನ್, ಮರುವರ್ಷ ಹಕೋವಾ: ಒಂದೇ ಊರಿಗೆ ಸಾಲಾಗಿ ಎರಡು ಪಟ್ಟ. ಟೆಲ್ ಅವೀವ್‌ನಂಥ ದೊಡ್ಡ ಊರು ಪಕ್ಕದಲ್ಲೇ ಇದ್ದರೂ! 1964ರ ಬಗ್ಗೆ ಕೇಳಿದರೆ ಅಜ್ಜ ಎದ್ದು ಕೂರುತ್ತಾರೆ. 1965 ಅಂದರೆ ‘ಔಷಧಿ ಟೈಮ್ ಆಯ್ತಲ್ಲ’ ಅನ್ನುತ್ತಾರೆ. ಆದರೂ ಅಚ್ಚು ಮಸುಕಾದ ಕಡೆ ಭೂತಗನ್ನಡಿ ಹಿಡಿದು ಓದಿಕೊಟ್ಟವರು ಅವರೇ. ಗೋಲು ಹೊಡೆದವನ ಹೆಸರು ಓದಿ, ‘ಆಫ್‌ಸೈಡ್ ಇದ್ದಿರಬೇಕು’ ಅಂತ ಸೇರಿಸುತ್ತಾರೆ. ಅದನ್ನು ನಾನು ಬರೆದುಕೊಳ್ಳುವುದಿಲ್ಲ.

ಹುಡುಕುತ್ತಾ ಹೋದಾಗ ನಮ್ಮ ಕಡೆಯ ಎಳೆಯೊಂದು ಸಿಕ್ಕಿತು. ಆಗ ಇಸ್ರೇಲ್ ಏಷ್ಯಾದ ಫುಟ್‌ಬಾಲ್ ಒಕ್ಕೂಟದಲ್ಲಿತ್ತು, 1974ರಲ್ಲಿ ಹೊರಹಾಕುವವರೆಗೆ. 1969ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯಾದ ಕ್ಲಬ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದಿಂದ ಆಡಿದ್ದು ಮೈಸೂರು ರಾಜ್ಯ ತಂಡ, ಆ ಕಾಲದ ಸಂತೋಷ್ ಟ್ರೋಫಿ ವಿಜೇತರು. ಗೆದ್ದದ್ದು ಮಕ್ಕಾಬಿ ಟೆಲ್ ಅವೀವ್. ಆ ಟೂರ್ನಿ 1967ರಲ್ಲಿ ಶುರುವಾಗಿ 1971ಕ್ಕೇ ನಿಂತಿತು, ಮತ್ತೆ ಏಷ್ಯಾದಲ್ಲಿ ಕ್ಲಬ್ ಟೂರ್ನಿ ಬಂದದ್ದು 1980ರ ದಶಕದಲ್ಲಿ. ಹಕೋವಾ ಚಾಂಪಿಯನ್ ಆದದ್ದು 1965 ಮತ್ತು 1973ರಲ್ಲಿ. ಒಂದು ಸಲ ಬೇಗ, ಒಂದು ಸಲ ತಡ. ಇಂಥ ದುರದೃಷ್ಟ ಟೇಬಲ್‌ಗಳಲ್ಲಿ ಕಾಣುವುದಿಲ್ಲ, ವರ್ಷಗಳನ್ನು ಪಕ್ಕಪಕ್ಕ ಇಟ್ಟಾಗಲೇ ಕಾಣುವುದು.

2008-09 ಇನ್ನೂ ಹೊಟ್ಟೆ ಉರಿಸುತ್ತದೆ. ಹಕೋವಾ ಅಮಿದಾರ್ ಮೇಲಿನ ಡಿವಿಜನ್‌ಗೆ ಬಂದು ಒಂದೇ ಸೀಸನ್‌ಗೆ ಇಳಿಯಿತು. ಮುಂದಿನ ಸೀಸನ್‌ಗೆ ಲೀಗನ್ನು 12 ತಂಡಗಳಿಂದ 16ಕ್ಕೆ ಹಿಗ್ಗಿಸಿದರು! ಜಾಗ ಜಾಸ್ತಿಯಾದ ವರ್ಷವೇ ಹೊರಬಿದ್ದದ್ದು. ಆ ಹೊಸ ಲೀಗ್‌ಗೆ ಏರಿದವರಲ್ಲಿ ಒಬ್ಬರು ಯಾರು ಅಂದರೆ ಹಪೋಯೆಲ್ ರಮತ್ ಗನ್.

ಈಗ ಅಜ್ಜನ ಒತ್ತಾಯಕ್ಕೆ ಹಪೋಯೆಲ್‌ನ ಶೀಟ್ ತೆರೆದಿದ್ದೇನೆ. 2003ರಲ್ಲಿ ಎರಡನೇ ಡಿವಿಜನ್‌ನಲ್ಲಿದ್ದುಕೊಂಡೇ ಸ್ಟೇಟ್ ಕಪ್ ಗೆದ್ದವರು, 2013ರಲ್ಲಿ ಕಪ್ ಗೆದ್ದ ಸೀಸನ್‌ನಲ್ಲೇ ಕೆಳಗಿಳಿದವರು. ಇವರಿಗೆ ದವಾರ್ ಕೈಕೊಡುವುದಿಲ್ಲ, ಹಾಗಾಗಿ 1964ರಿಂದಲೇ ಶುರು ಮಾಡಿದ್ದೇನೆ.