ಜನರೇಟರ್ ಕಿತ್ತ ಕ್ಯಾಟಮರಾನ್‌ನಲ್ಲಿ ಕುಚ್ಚಲಕ್ಕಿ ಅನ್ನ

ಮಲೇಷ್ಯಾದ ಲಂಕಾವಿಯ ದೋಣಿ ರಿಪೇರಿ ಯಾರ್ಡಿನಲ್ಲಿ ನನ್ನ ಕ್ಯಾಟಮರಾನಿನ, ಅಂದರೆ ಜೋಡಿ ಹೊಟ್ಟೆಯ ಹಾಯಿದೋಣಿಯ, ಒಳಗಿಂದ ಡೀಸೆಲ್ ಜನರೇಟರನ್ನು ಕ್ರೇನ್ ಹಾಕಿ ಎತ್ತಿಸಿದ ದಿನ ಅಕ್ಕಪಕ್ಕದ ದೋಣಿಯವರೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತಿದ್ದರು. ಮಂಗಳೂರಿನಲ್ಲಿರುವ ನನ್ನ ಬ್ಯಾಚ್‌ಮೇಟ್ ಫೋಟೊ ನೋಡಿದವನೇ ಫೋನ್ ಮಾಡಿದ. "ಎಂತ ಮಾರಾಯ, ಹದಿನಾಲ್ಕು ವರ್ಷ ಹಡಗಲ್ಲಿ ಚೀಫ್ ಇಂಜಿನಿಯರ್ ಆಗಿದ್ದವ ನೀನು. ಜನರೇಟರ್ ಕಿತ್ತು ಹಾಕಿ ಬಂಗಾಳ ಕೊಲ್ಲಿ ದಾಟ್ತೀಯಾ? ಅನ್ನ ಎಂತದರಲ್ಲಿ ಬೇಯಿಸ್ತಿ?"

ಅನ್ನ ಕರೆಂಟಿನಲ್ಲೇ ಬೆಂದಿತು. ಅದೂ ಕುಚ್ಚಲಕ್ಕಿ ಅನ್ನ. ಲಂಕಾವಿಯಿಂದ ಸುಮಾತ್ರದ ತುದಿಯ ಸಬಾಂಗ್, ಅಲ್ಲಿಂದ ಶ್ರೀಲಂಕಾದ ಗಾಲೆ, ಗಾಲೆಯಿಂದ ಕೊಚ್ಚಿ. ಒಟ್ಟು 1,500 ನಾಟಿಕಲ್ ಮೈಲಿ ಹತ್ತಿರ. ದೋಣಿಯಲ್ಲಿ ಜನರೇಟರೂ ಇಲ್ಲ, ಗ್ಯಾಸ್ ಸಿಲಿಂಡರೂ ಇಲ್ಲ. ಹಳೇ ಕ್ಯಾಟಮರಾನ್ (ನಮ್ಮ ಬಾಯಲ್ಲಿ ಕ್ಯಾಟ್) ಕೊಳ್ಳುವ ಯೋಚನೆಯಲ್ಲಿರುವ ನಮ್ಮವರು ಈಗ ನಾಲ್ಕಾರು ಮಂದಿ ಇದ್ದಾರೆ, ಎಲ್ಲರೂ ಕೇಳುವುದು ಇದನ್ನೇ. ಹಾಗಾಗಿ ಬರೆಯುತ್ತಿದ್ದೇನೆ.

ದೋಣಿ 2004ರದ್ದು, ಫ್ರಾನ್ಸಿನಲ್ಲಿ ಕಟ್ಟಿದ 38 ಅಡಿಯದು. ತಲಾ 29 ಅಶ್ವಶಕ್ತಿಯ ಎರಡು ಎಂಜಿನ್, ಅವುಗಳ ಶಕ್ತಿಯನ್ನು ದೋಣಿಯ ತಳದ ಮೂಲಕ ಪ್ರೊಪೆಲರಿಗೆ ಒಯ್ಯುವ ಸೇಲ್‌ಡ್ರೈವ್. ಕೇಳಿದ ಬೆಲೆ 1.68 ಲಕ್ಷ ಡಾಲರ್, ಕೊಟ್ಟದ್ದು 1.42. ಆ ವ್ಯತ್ಯಾಸ ಬಂದದ್ದು ಒಂದು ಪ್ಲಾಸ್ಟಿಕ್ ಸುತ್ತಿಗೆಯಿಂದ. ಸರ್ವೇಯರ್ ಬರುವ ಮುಂಚಿನ ದಿನ ನಾನೇ ಮಂಡಿಯೂರಿ ಕುಳಿತು ಇಡೀ ಡೆಕ್ ತಟ್ಟಿದೆ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಎಲ್ಲ ಕಡೆ ಟಕ್ ಟಕ್ ಎನ್ನುತ್ತಿದ್ದ ಡೆಕ್, ಎಡಗಡೆಯಲ್ಲಿ ಅಂಚಿನ ಬೇಲಿ ಹಿಡಿಯುವ ಎರಡು ಸ್ಟ್ಯಾಂಚನ್‌ಗಳ ಬುಡದಲ್ಲಿ ದಬ್ ದಬ್ ಎಂದಿತು. ಬೋಲ್ಟಿನ ಸುತ್ತ ಸೀಲಂಟ್ ಸತ್ತು, ಮಳೆನೀರು ಇಳಿದು, ಡೆಕ್ಕಿನ ಒಳಗಿನ ಬಾಲ್ಸಾ ಎಂಬ ಹಗುರ ಮರ ಕೊಳೆತಿತ್ತು. ಮರುದಿನ ಸರ್ವೇಯರ್ ತೇವ ಅಳೆಯುವ ಮೀಟರ್ ಇಟ್ಟಾಗ ಅದೇ ಜಾಗದಲ್ಲಿ ಮುಳ್ಳು ಮೇಲೆ ಹೋಯಿತು. ರಿಪೇರಿಗೆ ಮೂರೂವರೆ ಸಾವಿರ ಡಾಲರ್ ಆಯಿತು, ಬೆಲೆಯಲ್ಲಿ ಇಳಿದದ್ದು ಇಪ್ಪತ್ತಾರು ಸಾವಿರ. ಹಾಯಿಕಂಬ ಹಿಡಿದಿಡುವ ತಂತಿಗಳು, ಅಂದರೆ ರಿಗ್ಗಿಂಗ್, ಹದಿನೈದು ವರ್ಷ ಹಳೆಯದು ಎಂಬುದೂ ಮಾತುಕತೆಗೆ ಒದಗಿತು. ಹತ್ತು ವರ್ಷ ದಾಟಿದ ರಿಗ್ಗಿಂಗ್ ಕಂಡರೆ ಇನ್ಶೂರೆನ್ಸಿನವರು ಕೈ ಅಲ್ಲಾಡಿಸುತ್ತಾರೆ, ಹೇಗೂ ಬದಲಿಸಲೇಬೇಕು.

ಕೊಂಡ ಮೇಲಿನ ಖರ್ಚು ನೆನಪಿನಿಂದ ಹೇಳುತ್ತೇನೆ. ಸ್ಟ್ಯಾಂಡಿಂಗ್ ರಿಗ್ಗಿಂಗ್ ಎಂಟು ಲಕ್ಷ ರೂಪಾಯಿ. ಹೊಸ ಮೇನ್‌ಸೇಲ್ ನಾಲ್ಕೂವರೆ. ಸೇಲ್‌ಡ್ರೈವಿನ ಎರಡೂ ರಬ್ಬರ್ ಡಯಾಫ್ರಂ, ಅದರ ಲೇಬರ್ ಸೇರಿ ಒಂದು ಲಕ್ಷ ಚಿಲ್ಲರೆ. ಅದು ಹರಿದರೆ ದೋಣಿಯೊಳಕ್ಕೆ ಸಮುದ್ರವೇ ಬರುತ್ತದೆ, ಅಲ್ಲಿ ಕೈ ಬಿಗಿ ಹಿಡಿಯಬೇಡಿ. ತಳದ ಬಣ್ಣ, ಯಾರ್ಡ್ ಬಾಡಿಗೆ, ಲೈಫ್‌ರಾಫ್ಟ್ ಸೇರಿ ನಾಲ್ಕು. ಕರೆಂಟಿನ ಕೆಲಸಕ್ಕೆ ಏಳು. ಎಲ್ಲ ಸೇರಿ ಇಪ್ಪತ್ತೈದರ ಹತ್ತಿರ, ದೋಣಿಯ ಬೆಲೆಯ ಐದನೇ ಒಂದು ಭಾಗ. ಅಷ್ಟನ್ನು ಕೈಯಲ್ಲಿಟ್ಟುಕೊಳ್ಳದೆ ಹಳೇ ಕ್ಯಾಟ್ ಕೊಂಡವರು ಯಾರ್ಡಿನಲ್ಲೇ ಎರಡು ವರ್ಷ ಕಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ.

ಜನರೇಟರ್ ಕೆಟ್ಟಿತ್ತೆಂದು ಕಿತ್ತದ್ದಲ್ಲ. ಚೆನ್ನಾಗಿಯೇ ಓಡುತ್ತಿತ್ತು. ನನ್ನ ಜಗಳವೆಲ್ಲ ತೂಕದ ಜೊತೆ. ಮನೆ ಮಾಡಿಕೊಂಡು ಬದುಕುವವರ ಕ್ಯಾಟ್‌ಗಳೆಲ್ಲ ಹಿಂಬದಿ ಕುಸಿದು ಕುಳಿತಿರುತ್ತವೆ. ಹಲ್, ಅಂದರೆ ದೋಣಿಯ ಹೊಟ್ಟೆ, ಆಳಕ್ಕೆ ಇಳಿದಷ್ಟೂ ಎರಡು ಹಲ್ ಜೋಡಿಸುವ ಬ್ರಿಡ್ಜ್‌ಡೆಕ್ ನೀರಿಗೆ ಹತ್ತಿರವಾಗುತ್ತದೆ, ಆಮೇಲೆ ಪ್ರತಿ ಅಲೆಯೂ ಕಾಲಡಿಯಲ್ಲಿ ಸುತ್ತಿಗೆ ಹೊಡೆದ ಹಾಗೆ ಬಡಿಯುತ್ತದೆ. ಜನರೇಟರ್ ಕವರ್ ಸಮೇತ 170 ಕಿಲೋ. ಅದರ ಹೋಸ್, ಎಕ್ಸಾಸ್ಟ್ 20. ಹಳೇ ಸೀಸದ ಎಜಿಎಂ ಬ್ಯಾಟರಿಗಳು 190. ಗ್ಯಾಸ್ ಒಲೆ, ಸಿಲಿಂಡರ್ 40. ಅಲ್ಲಿಗೆ 420 ಇಳಿಯಿತು. ಹತ್ತಿಸಿದ್ದು ಲಿಥಿಯಂ ಸೆಲ್ 65, ನಾಲ್ಕು ಸೋಲಾರ್ ಪ್ಯಾನೆಲ್ 88, ಫ್ರೇಮ್, ಇನ್ವರ್ಟರ್, ಕೇಬಲ್ ಎಲ್ಲ ಸೇರಿ 80. ನೀರಿಗಿಳಿಸಿದಾಗ ಹಿಂಬದಿಯ ವಾಟರ್‌ಲೈನ್ ನೀರಿನಿಂದ ಎರಡು ಬೆರಳು ಮೇಲೆ ಬಂದಿತ್ತು. ಆ ಗೆರೆ ನೋಡಿ ನನಗಾದ ಖುಷಿ ಹಡಗಿನಲ್ಲಿ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ.

ಸೆಲ್‌ಗಳು 280 ಆಂಪಿಯರ್ ಅವರ್‌ನ ಹನ್ನೆರಡು. ಮೂರು ಪ್ಯಾರಲಲ್, ನಾಲ್ಕು ಸೀರೀಸ್. ಒಟ್ಟು 10.7 ಯೂನಿಟ್. ಹನ್ನೆರಡನ್ನೂ ಪ್ಯಾರಲಲ್ ಕಟ್ಟಿ 3.65 ವೋಲ್ಟಿಗೆ ಏರಿಸಿ ಬ್ಯಾಲೆನ್ಸ್ ಮಾಡಲು ಸಣ್ಣ ಚಾರ್ಜರಿನಲ್ಲಿ ಆರು ದಿನ ಹಿಡಿಯಿತು. ಅವಸರ ಮಾಡಬೇಡಿ. ನಾನು ಅವಸರ ಮಾಡಿದ್ದು ಬಸ್‌ಬಾರ್ ಬಿಗಿಯುವಾಗ. ಹಡಗಿನ ಬೋಲ್ಟ್ ಬಿಗಿದ ಕೈ, ಸೆಲ್ಲಿನ ಟರ್ಮಿನಲ್ ಅಲ್ಯೂಮಿನಿಯಂ. ಸ್ಪ್ಯಾನರ್ ಕಾಲು ಸುತ್ತು ಸುಮ್ಮನೆ ತಿರುಗಿತು, ಥ್ರೆಡ್ ಹೋಯಿತು. ಒಂದು ಸೆಲ್ ಬದಲಿಸಲು ಹನ್ನೆರಡು ಸಾವಿರ ರೂಪಾಯಿ ಮತ್ತು ಮೂರು ವಾರ.

ಎರಡನೇ ಪೆಟ್ಟು, ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್. ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ತಾನೇ ಕಡಿಮೆ ಎಳೆಯುತ್ತದೆ, ಲಿಥಿಯಂ ಕೊನೆಯವರೆಗೂ ಎಳೆಯುತ್ತದೆ. ಬಲಗಡೆಯ 60 ಆಂಪ್ಸ್ ಆಲ್ಟರ್ನೇಟರ್ ನಲವತ್ತು ನಿಮಿಷದಲ್ಲಿ ಸುಟ್ಟ ವಾರ್ನಿಶ್ ವಾಸನೆ ಕೊಟ್ಟಿತು. ಮೂವತ್ತೆರಡು ಸಾವಿರ ಖರ್ಚಾಯಿತು. ಈಗ ಎರಡೂ ಎಂಜಿನ್ನಿಗೆ ಒಂದೊಂದು 30 ಆಂಪ್ಸ್ ಡಿಸಿ-ಡಿಸಿ ಚಾರ್ಜರ್ ಇದೆ, ಅದಕ್ಕಿಂತ ಹೆಚ್ಚು ಎಳೆಯಲು ಬಿಡುವುದಿಲ್ಲ. ಬ್ಯಾಟರಿ ಕಾಯುವ ಬಿಎಂಎಸ್ ಸರ್ಕಿಟ್ ಕಟ್ ಆಗುವುದಕ್ಕೆ ಮೊದಲೇ ಎಲ್ಲ ಚಾರ್ಜರುಗಳನ್ನು ಮಲಗಿಸುವ ಒಂದು ಸಣ್ಣ ರಿಲೇ ಕೂಡ ಹಾಕಿದ್ದೇನೆ. ಅದರ ವೈರಿಂಗ್ ಕಂಡುಕೊಳ್ಳಲು ನನಗೆ ಎಂಟು ತಿಂಗಳಾಯಿತು. ಇಲ್ಲಿ ಬರೆಯುವುದಿಲ್ಲ, ದೋಣಿಗೆ ಬಂದವರಿಗೆ ತೋರಿಸುತ್ತೇನೆ.

ಪ್ಯಾನೆಲ್‌ಗಳು ಮನೆ ಮಾಡಿಗೆ ಹಾಕುವಂಥವೇ, ತಲಾ 430 ವ್ಯಾಟ್. ಮೊದಲು ನಾಲ್ಕನ್ನೂ ಸೀರೀಸ್ ಕಟ್ಟಿದ್ದೆ. ಹಾಯಿಯ ಬುಡದ ಅಡ್ಡಕಂಬವಾದ ಬೂಮ್‌ನ ನೆರಳು ಒಂದರ ಮೇಲೆ ಬಿದ್ದರೆ ಸಾಕು, ನಾಲ್ಕರದ್ದೂ ಉತ್ಪತ್ತಿ ಇಳಿಯುತ್ತಿತ್ತು. ಒಂದೊಂದಕ್ಕೆ ಒಂದೊಂದು ಎಂಪಿಪಿಟಿ ಚಾರ್ಜ್ ಕಂಟ್ರೋಲರ್ ಹಾಕಿದ ಮೇಲೆ ದಿನಕ್ಕೆ ನಾಲ್ಕೂವರೆ ಯೂನಿಟ್ ಇದ್ದದ್ದು ಏಳಕ್ಕೆ ಬಂತು. ಅದೇ ಬಿಸಿಲು, ಅದೇ ಪ್ಯಾನೆಲ್.

ಅಡುಗೆಮನೆ ನನ್ನ ಹೆಂಡತಿಯದು. ಅವಳ ಷರತ್ತು ಒಂದೇ ಆಗಿತ್ತು, ಬಿಳಿ ಅಕ್ಕಿಯ ಬೆಳ್ತಿಗೆ ಬೇಡ: "ಬೆಳ್ತಿಗೆ ಅನ್ನ ಆರು ತಿಂಗಳು ಉಣ್ಲಿಕ್ಕೆ ನನ್ನತ್ರ ಆಗುದಿಲ್ಲ ಕಾಣಿ." ಇಂಡಕ್ಷನ್ ಮೇಲೆ ಮೊದಲ ಸಲ ಕುಚ್ಚಲಕ್ಕಿ ಇಟ್ಟಾಗ ಮುಕ್ಕಾಲು ಗಂಟೆ, 0.85 ಯೂನಿಟ್. ಇಬ್ಬರ ಒಂದು ಹೊತ್ತಿನ ಬರೀ ಅನ್ನಕ್ಕೆ! ಅದರ ಮೇಲೆ ಇನ್ವರ್ಟರಿನ ಕೇಬಲ್ ಲಗ್ ಬಿಸಿಯಾಗಿ, ಅದಕ್ಕೆ ಹಾಕಿದ ಕೆಂಪು ಸ್ಲೀವ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. 12 ವೋಲ್ಟಿನಲ್ಲಿ ಎರಡು ಸಾವಿರ ವ್ಯಾಟ್ ಎಂದರೆ 170 ಆಂಪ್ಸ್‌ಗೂ ಮೇಲೆ. 50 ಚದರ ಮಿಲಿಮೀಟರ್ ಕೇಬಲ್ ತೆಗೆದು 70ರದ್ದು ಜೋಡಿ ಹಾಕಿದೆ. ಈಗ ಮುಟ್ಟಿದರೆ ಮೈ ಬಿಸಿಯಷ್ಟೇ.

ಅನ್ನಕ್ಕೆ ಹೊಳೆದ ದಾರಿ ನನ್ನಮ್ಮನ ಕಾಲದ್ದು. ಊರಲ್ಲಿ ಅವರು ಕುದಿ ಬಂದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಹಳೇ ಕಂಬಳಿ ಸುತ್ತಿ ಮೂಲೆಯಲ್ಲಿಟ್ಟು ಗದ್ದೆಗೆ ಹೋಗುತ್ತಿದ್ದರು. ನಾನು ಫೋಮ್ ಹಲಗೆಯಿಂದ ಒಂದು ಪೆಟ್ಟಿಗೆ ಮಾಡಿದೆ, ಕುಕ್ಕರ್ ಸರಿಯಾಗಿ ಕೂರುವಷ್ಟೇ ಜಾಗ. ಅಕ್ಕಿ ರಾತ್ರಿ ನೆನೆಯಬೇಕು. ಬೆಳಿಗ್ಗೆ ಜೋರು ಉರಿಯಲ್ಲಿ ಒಂಬತ್ತು ನಿಮಿಷ, ವಿಸಿಲ್ ಬಂದ ಕೂಡಲೇ ಪೆಟ್ಟಿಗೆಯೊಳಗೆ. ಒಂದೂವರೆ ಗಂಟೆ ಬಿಟ್ಟು ತೆಗೆದರೆ ಕಾಳು ಕಾಳಾಗಿ ಅರಳಿರುತ್ತದೆ, ಗಂಜಿ ತಿಳಿ ಬೇರೆ. ಖರ್ಚು 0.27 ಯೂನಿಟ್. ಮಧ್ಯದಲ್ಲಿ ಒಮ್ಮೆ ಹೊರತೆಗೆದು ಮಾಡುವ ಒಂದು ಕೆಲಸವಿದೆ, ಅದು ನನ್ನ ಹೆಂಡತಿಯ ಗುಟ್ಟು, ಅವಳು ಹೇಳಬೇಡಿ ಎಂದಿದ್ದಾಳೆ. ಪಾತ್ರೆ ಜಾರದಿರಲು ಗಾಜಿನ ಮೇಲೆ ತೆಳು ಸಿಲಿಕಾನ್ ಮ್ಯಾಟ್ ಹಾಕಿ, ಇಂಡಕ್ಷನ್ ಅದರ ಮೂಲಕವೂ ಕೆಲಸ ಮಾಡುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹಳೇ ವಾಷಿಂಗ್ ಮಷೀನಿನ ಮೋಟಾರಿಗೆ ಉದ್ದ ಹಗ್ಗ, ತುದಿಗೆ ಸಣ್ಣ ಪ್ರೊಪೆಲರ್ ಕಟ್ಟಿ ನೀರಿನಲ್ಲಿ ಎಳೆದು ಕರೆಂಟ್ ತೆಗೆದೆ. ಆರು ನಾಟ್ ವೇಗಕ್ಕೆ ನಾಲ್ಕು ಆಂಪ್ಸ್ ಬಂತು. ಎರಡನೇ ರಾತ್ರಿ ಯಾವುದೋ ಮೀನು ಪ್ರೊಪೆಲರನ್ನೇ ಕಚ್ಚಿಕೊಂಡು ಹೋಯಿತು, ಹಗ್ಗದ ತುದಿ ಚೂರಿಯಲ್ಲಿ ಕೊಯ್ದ ಹಾಗಿತ್ತು. ಮುಂದಿನ ಸಲ ಕಪ್ಪು ಬಣ್ಣ ಬಳಿದು ನೋಡಬೇಕು, ಹೊಳೆದದ್ದೇ ಅದಕ್ಕೆ ಕಂಡಿರಬೇಕು. ಎರಡು ಲೀಟರಿನ ಗ್ರೈಂಡರ್ ಮಾತ್ರ ಮೊದಲ ದಿನದಿಂದಲೇ ಗೆದ್ದಿತು. ಮಧ್ಯಾಹ್ನ ಬ್ಯಾಟರಿ ತುಂಬಿ ಕರೆಂಟ್ ಮಿಗುವ ಹೊತ್ತಿನಲ್ಲಿ ರುಬ್ಬಿದರೆ ಆ ಸೆಕೆಗೆ ಆರು ಗಂಟೆಯಲ್ಲಿ ಹಿಟ್ಟು ಉಬ್ಬಿರುತ್ತದೆ.

ಜನವರಿ ಕೊನೆಗೆ ಹೊರಟೆವು, ಈಶಾನ್ಯ ಮಾರುತದ ಕಾಲ. ಸಬಾಂಗ್‌ವರೆಗೆ ವಿಶೇಷವೇನಿಲ್ಲ. ಅಲ್ಲಿಂದ ಗಾಲೆಗೆ 900 ಮೈಲಿ, ಗಾಳಿ ಬಲಗಡೆಯಿಂದ ಹದಿನೈದು ನಾಟ್, ದೋಣಿ ಆರು ಆರೂವರೆಯಲ್ಲಿ ಓಡುತ್ತಿತ್ತು. ದಿನದ ಖರ್ಚು ಐದೂಕಾಲು ಯೂನಿಟ್: ಅಡುಗೆಗೆ 1.8, ಆಟೋಪೈಲಟ್ ಮತ್ತು ಉಪಕರಣಗಳಿಗೆ 1.5, ಫ್ರಿಜ್ಜಿಗೆ 1.3, ಮಿಕ್ಕಿದ್ದು ಸಮುದ್ರದ ನೀರನ್ನು ಸಿಹಿನೀರು ಮಾಡುವ ವಾಟರ್‌ಮೇಕರ್, ದೀಪ.

ಎರಡನೇ ದಿನದಿಂದ ಮೋಡ. ಒಂದಲ್ಲ, ಮೂರು ದಿನ. ಪ್ಯಾನೆಲ್‌ಗಳು ಎರಡೂವರೆ ಯೂನಿಟ್ ಕೊಟ್ಟರೆ ಹೆಚ್ಚು. 90ರಲ್ಲಿದ್ದ ಬ್ಯಾಟರಿ ಮೂರನೇ ರಾತ್ರಿ ಎರಡು ಗಂಟೆಗೆ 31 ಪರ್ಸೆಂಟ್ ತೋರಿಸಿತು. ಶಿಫ್ಟ್ ನನ್ನದು. ಬ್ಯಾಚ್‌ಮೇಟ್ ಹೇಳಿದ್ದೇ ಕಿವಿಯಲ್ಲಿತ್ತು. ಎರಡೂ ಎಂಜಿನ್ ಹಾಕಿ ಎರಡು ಗಂಟೆ ಓಡಿಸಿದೆ, ಒಂದೂವರೆ ಯೂನಿಟ್ ಬಂತು. ಫ್ರೀಜರ್ ಆಫ್ ಮಾಡಿ ಅದರಲ್ಲಿದ್ದ ಬಂಗುಡೆಯೆಲ್ಲ ಬೆಳಿಗ್ಗೆಯೇ ಸಾರು ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಂತು. ಶ್ರೀಲಂಕಾದ ದಕ್ಷಿಣದ ದೊಂಡ್ರಾ ತುದಿಯಲ್ಲಿ ಹಡಗುಗಳ ಸಾಲು ತಪ್ಪಿಸಿ, ತಾವೆಲ್ಲಿದ್ದೇವೆಂದು ರೇಡಿಯೋದಲ್ಲಿ ತಿಳಿಸುವ ಎಐಎಸ್ ಇಲ್ಲದ ಮೀನು ದೋಣಿಗಳ ನಡುವೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಸಾಗಿ ಗಾಲೆ ಬಂದರು ಸೇರಿದಾಗ ಬ್ಯಾಟರಿ 64. ಲಂಕಾವಿಯಿಂದ ಅಲ್ಲಿಯವರೆಗೆ ಸುಟ್ಟ ಡೀಸೆಲ್, ಬಂದರಿನ ಒಳಗೆ ಹೊರಗೆ ಓಡಿಸಿದ್ದೂ ಸೇರಿ, 40 ಲೀಟರ್ ದಾಟಿಲ್ಲ. ಅದೇ ವಾರ ಬಂದ ಇನ್ನೊಂದು ಕ್ಯಾಟ್‌ನವರು ಜನರೇಟರಿಗೇ ಅಷ್ಟು ಸುಟ್ಟಿದ್ದರು.

ಗಾಲೆಯಿಂದ ಕೊಚ್ಚಿಗೆ 350 ಮೈಲಿ. ಮನ್ನಾರ್ ಕೊಲ್ಲಿಯ ಬಾಯಲ್ಲಿ ಗಾಳಿ ಕೊಳವೆಯಿಂದ ಬಂದ ಹಾಗೆ ನುಗ್ಗುತ್ತದೆ ಎಂದು ಗೊತ್ತಿತ್ತು, ಎರಡು ರೀಫ್ ಮೊದಲೇ ಹಾಕಿ ಹಾಯಿ ಸಣ್ಣದು ಮಾಡಿದ್ದೆ. ಇಪ್ಪತ್ತೆಂಟು, ಮೂವತ್ತು ನಾಟ್. ನಡುರಾತ್ರಿ ತಲೆ ಮೇಲೆ ದುಂಬಿ ಗುಂಯ್‌ಗುಟ್ಟಿದ ಹಾಗೆ ಸದ್ದು. ಟಾರ್ಚ್ ಹಿಡಿದರೆ ಹಿಂದಿನ ಪ್ಯಾನೆಲ್ಲಿನ ಎರಡು ಕ್ಲಾಂಪ್ ಸಡಿಲಾಗಿ, ಇಪ್ಪತ್ತೆರಡು ಕಿಲೋದ ಗಾಜು ಅಂಚಿನಲ್ಲಿ ಬೆರಳಗಲ ಎದ್ದು ನಡುಗುತ್ತಿತ್ತು. ಹಾರ್ನೆಸ್ ಹಾಕಿಕೊಂಡು ಹತ್ತಿ ಡೈನೀಮಾ ಹಗ್ಗದಿಂದ ಅಡ್ಡಡ್ಡ ಬಿಗಿದೆ. ಮನೆ ಮಾಡಿನ ಕ್ಲಾಂಪ್ ಸಮುದ್ರಕ್ಕಲ್ಲ. ಈಗ ಫ್ರೇಮಿಗೇ ತೂತು ಕೊರೆದು ಸ್ಟೀಲ್ ಬೋಲ್ಟ್, ನೈಲಾಕ್ ನಟ್ ಹಾಕಿದ್ದೇನೆ.

ಕೊಚ್ಚಿಯಲ್ಲಿ ಬೋಳ್ಗಾಟಿ ಮರೀನಾಕ್ಕೆ ದೋಣಿ ಕಟ್ಟಿದ ಮೂರನೇ ದಿನ ಬ್ಯಾಚ್‌ಮೇಟ್ ಮಂಗಳೂರಿನಿಂದ ರೈಲಿನಲ್ಲಿ ಬಂದ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಎರಡು ಸಲ ಬಡಿಸಿಕೊಂಡ. ಕೈ ತೊಳೆದು ಬಂದವನು ಸೋಫಾದ ಕುಶನ್ ಎತ್ತಿ ಬ್ಯಾಟರಿ ಪೆಟ್ಟಿಗೆ ತೆರೆದ, ಕೇಬಲ್ ಮುಟ್ಟಿ ನೋಡಿದ, ಕನ್ನಡಕ ಹಾಕಿಕೊಂಡು ಬಗ್ಗಿ ಮೇನ್ ಫ್ಯೂಸಿನ ನಂಬರ್ ಫೋಟೊ ಹೊಡೆದುಕೊಂಡ.